ಐದೂವರೆಯ ನಾರಾಯಣಖೇಡ್ ಬಸ್ಸು

ಚರ್ರ್...!

ಹಿಡಿತ ಪರೀಕ್ಷಿಸಲು ದೇವಿಕಾ ಅಂಟಿಸಿ ಎಳೆದ ಟೇಪಿನ ಜೊತೆ ಪ್ಲಾಸ್ಟಿಕ್ ಫಿಲ್ಮಿನ ಕಪ್ಪು ಲೇಪನವೂ ಕಿತ್ತು ಬಂತು.

ಅದು ನಿನ್ನೆ ಸಂಜೆ ಜ್ಞಾನೇಶ್ವರ ತನ್ನ ಬಿಸಿಗಾಳಿಯ ಓವನ್‌ನಲ್ಲಿ ಒಣಗಿಸಿದ ತುಂಡು. ಪಕ್ಕದಲ್ಲಿದ್ದದ್ದು ಹೊಸ ಯುವಿ ದೀಪದಡಿ ಕ್ಷಣದಲ್ಲಿ ಗಟ್ಟಿಯಾದದ್ದು. ಅದಕ್ಕೊಂದು ಗೀರೂ ಇಲ್ಲ. ಜಹೀರಾಬಾದಿನ ಆ ಕಾರ್ಖಾನೆ ಓವನ್, ದೀಪ ಈ ಎರಡರಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳುವುದಿತ್ತು.

"ಏನ್ ಬರೀತಿ?" ಲ್ಯಾಬಿನ ಬಾಗಿಲಲ್ಲಿ ಜ್ಞಾನೇಶ್ವರ. ಬರುವ ಮಾಘದಲ್ಲಿ ಅವಳಿಗೆ ತಾಳಿ ಕಟ್ಟಬೇಕಾದವನು.

"ಕಂಡದ್ದು ಬರೀಬೇಕಲ್ರಿ... ನಿನ್ನೆ ಏನರ ಹೆಚ್ಚುಕಮ್ಮಿ ಆಗಿತ್ತೇನು? ಹೇಳ್ರಿ!"

ಅವನು ಕಿತ್ತುಹೋದ ತುಂಡನ್ನೊಮ್ಮೆ ನೋಡಿದ.

"ಏನಿಲ್ಲ. ಬರಿ."

ಬರೆದಳು.

ವಾರದೊಳಗೆ ಓವನ್ ಬಿಚ್ಚಿದರು. ಅವನನ್ನು ತಾಂಡೂರಿನ ಗೋದಾಮಿಗೆ ಹಾಕಿದರು. ಅವನು ಅವಳಿಗೆ ಹೇಳದೆಯೇ ಹೊರಟುಹೋದ. ಫೋನೂ ಎತ್ತಲಿಲ್ಲ.

"ನಿನ್ನ ಟೇಪು ಅವನ ಎದಿನೇ ಕಿತ್ತದ ನೋಡವಾ," ಗೆಳತಿ ಸ್ವರೂಪಾ ಚುಚ್ಚಿದಳು.

ಮಾಘ ಬಂತು. ಮಾಘ ಹೋಯಿತು. ಸಂಜೆ ಅಜ್ಜಿ ದೀಪ ಹಚ್ಚಿ ಪದ ಹೇಳುವಾಗ ದೇವಿಕಾ ಸೆರಗನ್ನು ಬಾಯಿಗೊತ್ತಿಕೊಂಡು ಕೂರುತ್ತಿದ್ದಳು.

ಒಂದು ದಿನ ಓವನ್‌ನ ಲೆಕ್ಕ ಬರೆಯುತ್ತಿದ್ದ ಹಳೆಯ ಮಷಿನ್ ಪುಸ್ತಕ ಕೈಗೆ ಸಿಕ್ಕಿತು. ಆ ತುಂಡು ಒಣಗಿಸಿದ ತಾರೀಕು, ಅವನದೇ ಅಕ್ಷರ. ವೇಗ: ನಿಮಿಷಕ್ಕೆ ಹನ್ನೆರಡು ಮೀಟರ್.

ಇರಬೇಕಾದದ್ದು ಆರು! ಫಿಲ್ಮು ಒಳಗೆ ಅರ್ಧಂಬರ್ಧ ಒಣಗಿ ಹೊರಬಿದ್ದಿತ್ತು.

ಯಾಕೆ...?

ಹೊಳೆಯಿತು. ತುಂಡು ಕೈಗೆ ಬರದೆ ಲ್ಯಾಬಿನವರು ಹೊರಡುವಂತಿಲ್ಲ. ಅವತ್ತು ನಾರಾಯಣಖೇಡಿನ ಮನೆಯಲ್ಲಿ ಅಜ್ಜಿಗೆ ಜ್ವರ. ಓವನ್ ಬಾಯಲ್ಲಿ ನಿಂತು ಅವಳೇ ಗೋಗರೆದಿದ್ದಳು: "ಐದೂವರಿ ಬಸ್ ತಪ್ತದರಿ, ಲಗು ಮಾಡ್ರಿ!"

ಬಸ್ಸು ಸಿಕ್ಕಿತ್ತು. ಅವಳು ಮರೆತೂ ಬಿಟ್ಟಿದ್ದಳು.

ಮರುದಿನವೇ ತಾಂಡೂರು. ಗೋದಾಮಿನೆದುರಿನ ಬೆಂಚಿನ ಮೇಲೆ ಕೂತು ಕಾದಳು. ಹೊರಬಂದು ನಿಂತ ಅವನು ಸೊರಗಿಹೋಗಿದ್ದ.

"ತಪ್ಪು ನಂದೇ ಅಂತ ಸಾಹೇಬರಿಗಿ ಬರ್ದು ಕೊಟ್ಟೀನ್ರಿ. ನೀವ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು." ಅವನು ನೆಲ ನೋಡಿದ. "ಓವನ್ ಹೋತಂತ ನಾ ಅಳಲಿಲ್ಲ, ದೇವಿಕಾ. 'ಹೆಚ್ಚುಕಮ್ಮಿ ಆಗಿತ್ತೇನು' ಅಂತ ಕೇಳ್ದಿ ನೋಡು... ನಿಂಗ ನೆನಪೇ ಇರ್ಲಿಲ್ಲ. ಅದು ಸುಟ್ತು."

ಅವಳ ಕಣ್ಣು ತುಂಬಿ ಹರಿಯಿತು.

"ಓವನ್ ತಿರುಗಿ ಬರೂದಿಲ್ರಿ... ನಾ ಬರ್ಲ್ಯಾ?"

ರಸ್ತೆಯಲ್ಲಿ ಹಾರನ್ ಕೂಗಿತು.

"ನಿನ್ನ ಬಸ್ ಬಂತು. ಲಗು ಮಾಡು..." ಅವನು ರಸ್ತೆಯತ್ತ ಕೈ ತೋರಿದ.

ದೇವಿಕಾ ಏಳಲಿಲ್ಲ.

"ಹೋಗ್ಲಿ ಬಿಡ್ರಿ. ಲಗು ಮಾಡಿದ್ದು ಸಾಕಾತು."

ಬಸ್ಸು ಧೂಳೆಬ್ಬಿಸಿ ಹೋಯಿತು. ಬಹಳ ಹೊತ್ತಿನ ಮೇಲೆ ಅವನು ಬಂದು ಅದೇ ಬೆಂಚಿನ ಮೇಲೆ ಕೂತ.

"ಅಜ್ಜಿ ಜ್ವರ ಕಮ್ಮಿ ಆತೇನು?"

"ಅವತ್ತೇ ಆತ್ರಿ..." ಎಂದಳು ಅವಳು, ಅಳುತ್ತಲೇ.