ಕೂಳೆ ಅವಳ ಪಾಲು

"ಬುಡ ಬಿಡ್ಬೇಡಿ ಸಾಹೇಬ್ರೇ. ಕಬ್ಬು ಕಡಿದ ಮೇಲೆ ಬೇರು ಸಮೇತ ಅಗೆದು ಸುಟ್ಟುಬಿಡ್ಬೇಕು. ಈ ಹೊಲಕ್ಕೆ ಕೂಳೆ ಬೆಳೆ ಆಗಿಬರಲ್ಲ."

ದೊಡ್ಡಮ್ಮ ಇದನ್ನು ಹೇಳುವಾಗ ಸಕ್ಕರೆ ಕಾರ್ಖಾನೆಯ ಹೊಸ ಕೃಷಿ ಅಧಿಕಾರಿ ಅವಳ ಹೊಲದ ಬದುವಿನ ಮೇಲೆ ನಿಂತು ಬೂಟಿನ ಮಣ್ಣು ಒರೆಸಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ, ಸುತ್ತಲಿನವರು ಆಗಲೇ ಅವನಿಗೆ ಇಳುವರಿ ಸಾಹೇಬ ಎಂದು ಹೆಸರಿಟ್ಟಿದ್ದರು. ಬಾಯಿ ಬಿಟ್ಟರೆ ಅದೇ ಪಾಠ. ಕಬ್ಬಿನ ಒಣ ತರಗಿಗೆ ಬೆಂಕಿ ಇಡಬೇಡಿ, ಸಾಲಿನ ನಡುವೆ ಹರಡಿ, ಮಣ್ಣು ತಂಪಾಗಿರುತ್ತದೆ. ಕಡಿದ ಬುಡ ಕೀಳಬೇಡಿ, ಅದೇ ಚಿಗುರಿ ಕೂಳೆ ಎಂಬ ಇನ್ನೊಂದು ಬೆಳೆ ಕೊಡುತ್ತದೆ. ಬೀಜ ಉಳಿಯುತ್ತದೆ, ಉಳುಮೆ ಉಳಿಯುತ್ತದೆ, ನೀರೂ ಉಳಿಯುತ್ತದೆ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಆ ಒಂದು ಹೊಲವನ್ನು ಬಿಟ್ಟು.

"ಯಾಕೆ ಆಗಿಬರಲ್ಲ?"

"ನಮ್ಮತ್ತೆ ಕಾಲದ ಮಾತು. ಅವರ ವಾರಗಿತ್ತಿ ಗಂಡ ಸತ್ತು ಒಂಟಿಯಾದ್ಲು. ನಮ್ಮ ಮಾವನವರೇ ಅವಳ ಪಾಲಿನ ಈ ಹೊಲ ಕಿತ್ಕೊಂಡು ಹೊರಗೆ ಹಾಕಿದ್ರು. ಹೋಗೋವಾಗ ತಲೆಗೂದಲು ಪೂರ್ತಿ ಕತ್ತರಿಸಿ, ಯಾರ ಕೈಲೋ ಮಾಟ ಮಾಡ್ಸಿ, ನಾಟಿ ಸಾಲಲ್ಲಿ ಹೂತುಬಿಟ್ಲು. ನೀವು ನೆಟ್ಟಿದ್ದು ನಿಮಗೆ, ತಾನಾಗಿ ಚಿಗುರಿದ್ದು ನನಗೆ, ನನ್ನ ಪಾಲು ತಿಂದವರ ಹೊಟ್ಟೇಲಿ ಬೇರು ಬಿಡ್ತೀನಿ ಅಂದ್ಲಂತೆ."

ಸಾಹೇಬ ನಕ್ಕ. "ಕೂದಲಲ್ಲಿ ಸಾರಜನಕ ಜಾಸ್ತಿ ದೊಡ್ಡಮ್ಮ. ಒಳ್ಳೇ ಗೊಬ್ಬರಾನೇ ಹಾಕಿದ್ದಾಳೆ. ಈ ಕಾಲದಲ್ಲೂ ಇದನ್ನೆಲ್ಲ ನಂಬ್ತೀರಾ?"

ದೊಡ್ಡಮ್ಮ ನಗಲಿಲ್ಲ. ಅವಳ ಮಗ ಮಾತ್ರ, ಕಾರ್ಖಾನೆಯಿಂದ ಹನಿ ನೀರಾವರಿಯ ಪೈಪು ಪುಕ್ಕಟೆ ಬರುತ್ತದೆ ಎಂಬ ಆಸೆಗೆ ತಲೆಯಾಡಿಸಿದ. ಬುಡ ಉಳಿಯಿತು. ಅದರ ಮೇಲೆ ತರಗಿನ ದಪ್ಪ ಹೊದಿಕೆ ಬಿತ್ತು. ಅದೇ ದಿನ ದೊಡ್ಡಮ್ಮ ಬಟ್ಟೆ ಗಂಟು ಕಟ್ಟಿಕೊಂಡು ದೂರದ ಮಗಳ ಮನೆಗೆ ಹೊರಟುಹೋದಳು.

ಈ ಸಾಹೇಬನ ಒಂದು ಸ್ವಭಾವ ಇಲ್ಲಿ ಹೇಳಲೇಬೇಕು. ಅವನಿಗೆ ಕೂದಲೆಂದರೆ ಹೇಸಿಗೆ. ಅನ್ನದಲ್ಲಿ ಒಂದೆಳೆ ಸಿಕ್ಕರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ, ಮರುದಿನದವರೆಗೂ ಊಟ ಸೇರುತ್ತಿರಲಿಲ್ಲ. ಹೆಂಡತಿ ಪಾಪ, ತಲೆಗೆ ಬಟ್ಟೆ ಬಿಗಿದುಕೊಂಡೇ ಅಡುಗೆ ಮಾಡುತ್ತಿದ್ದಳು. ಮಗಳು ಪುಟ್ಟಿಯ ಕೂದಲನ್ನು ಬೆರಳಿಗೆ ಸಿಗದಷ್ಟು ಚಿಕ್ಕದಾಗಿ ಕತ್ತರಿಸಿಡುತ್ತಿದ್ದರು. "ನಿಮ್ಮಪ್ಪನ ಕೈಲಾದ್ರೆ ನಮ್ಮಿಬ್ರಿಗೂ ಬೋಳು ಹೊಡೆಸ್ತಿದ್ರು ಕಣೇ," ಎಂದು ಅಮ್ಮ ರೇಗಿಸಿದರೆ ಪುಟ್ಟಿ ಕಿಲಕಿಲ ನಗುತ್ತಿದ್ದಳು. ಆ ನಗುವೊಂದಕ್ಕೆ ಮಾತ್ರ ಅವನು ಮೂಗು ಮುರಿಯುತ್ತಿರಲಿಲ್ಲ.

ಕೂಳೆ ಚಿಗುರಿತು. ಅಂಥ ಕಬ್ಬನ್ನು ಅವನು ಕಂಡಿರಲೇ ಇಲ್ಲ. ಬುಡಕ್ಕೊಂದು ಹಿಂಡು ಮರಿಚಿಗುರು, ತೋಳುಗಾತ್ರದ ಗಳ, ಎಲೆಯಲ್ಲಿ ಎಣ್ಣೆ ಹಚ್ಚಿದ ಹೊಳಪು. ನೀರನ್ನಂತೂ ಕೇಳುತ್ತಲೇ ಇರಲಿಲ್ಲ. ಆದರೆ ಸಾಲಿನೊಳಗೆ ಬಗ್ಗಿದರೆ ಒಂದು ವಾಸನೆ ಬರುತ್ತಿತ್ತು: ಜಿಡ್ಡು ಹಿಡಿದ, ವರ್ಷಾನುಗಟ್ಟಲೆ ಒಗೆಯದ ತಲೆದಿಂಬಿನ ವಾಸನೆ. ಬೂಟಿನ ತುದಿಯಿಂದ ತರಗು ಸರಿಸಿದ. ಕೆಳಗಿನ ಮಣ್ಣು ಬೆಚ್ಚಗಿತ್ತು. ಅದರ ಮೇಲೆ ತೆಳ್ಳನೆಯ ಕಪ್ಪು ಬೇರು ಜಡೆಗಟ್ಟಿ ಹೊಳೆಯುತ್ತಿತ್ತು. ಮೂಗಿಗೆ ಕೈವಸ್ತ್ರ ಹಿಡಿದ. ಯಾವುದೋ ಬೂಷ್ಟು ಎಂದುಕೊಂಡ.

ಕೂಳೆಯ ಕಬ್ಬನ್ನು ಬೀಜಕ್ಕೆ ಕಡಿಯಬಾರದೆಂದು ಸಭೆ ಸಭೆಗಳಲ್ಲಿ ಹೇಳಿಕೊಡುತ್ತಿದ್ದವನು ಅವನೇ. ಆದರೆ ಆ ಗಾತ್ರ ನೋಡಿ ಬುದ್ಧಿ ಮಂಕಾಯಿತು. ಇಂಥ ತಳಿ ಎಲ್ಲ ಹೊಲದಲ್ಲೂ ನಿಂತರೆ ತನ್ನ ಹೆಸರು ಎಲ್ಲಿಗೆ ಮುಟ್ಟಬಹುದು ಎಂಬ ಕನಸು ಬೇರೆ. ಎಳೆಯದಿರುವಾಗಲೇ ಕಬ್ಬನ್ನೆಲ್ಲ ಬೀಜಕ್ಕೆಂದು ಕಡಿಸಿದ.

"ಮಚ್ಚಿಗೆ ಏನೋ ಸುತ್ಕೊಳ್ತಿದೆ ಸಾರ್," ಎಂದು ಕಡಿಯುವವನು ಮುಖ ಕಿವುಚಿದ.

"ನಾರು ಕಣಯ್ಯ. ಗಟ್ಟಿ ಕಬ್ಬಿಗೆ ನಾರು ಜಾಸ್ತಿ. ಸುಮ್ನೆ ಕಡಿ."

ಬೀಜದ ತುಂಡುಗಳು ಟ್ರ್ಯಾಕ್ಟರುಗಳಲ್ಲಿ ತುಂಬಿ ಹೋದವು. ಕಾರ್ಖಾನೆಗೆ ಕಬ್ಬು ಕೊಡುವ ಎಲ್ಲರ ಹೊಲಕ್ಕೂ ನಾಟಿಗೆ ಹೋದವು.

ಮರುವರ್ಷ ಆ ಹೊಲದ ಬುಡ ಮತ್ತೆ ಚಿಗುರಿ ಬಲಿತು ನಿಂತಿತು. ಸಾಹೇಬ ಒಂದು ಹೊರೆ ಕಬ್ಬನ್ನು ಜೀಪಿಗೆ ಹಾಕಿಕೊಂಡು, ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಟೆಯ ಗಾಣದಂಗಡಿಗೆ ಹೋದ. ಗಾಣದ ಉರುಳೆಗಳ ನಡುವೆ ಕಬ್ಬು ಮುರಿಯುವಾಗ ಲಟಕ್ಕೆಂಬ ಸದ್ದು ಬರಲಿಲ್ಲ, ಒದ್ದೆ ಬಟ್ಟೆ ಹಿಂಡಿದ ಸದ್ದು ಬಂತು. ಕಬ್ಬಿನ ಹಾಲು ಮಾತ್ರ ಗಟ್ಟಿಯಾಗಿ, ನೊರೆನೊರೆಯಾಗಿ ಇಳಿಯಿತು. ಲೋಟದ ಅಂಚಿನಲ್ಲಿ ನೊಣ ಕೂತಿದ್ದನ್ನು ನೋಡಿ ಅವನು ಕುಡಿಯಲಿಲ್ಲ. ಪುಟ್ಟಿ ತನ್ನದನ್ನೂ ಕುಡಿದಳು, ಅಪ್ಪನದನ್ನೂ ಕುಡಿದಳು.

ಮನೆಗೆ ಬರುವಷ್ಟರಲ್ಲಿ ಕೆಮ್ಮು ಶುರುವಾಯಿತು.

"ಏನಿಲ್ಲ, ಗಂಟಲಿಗೆ ನಾರು ಸಿಕ್ಕಿರ್ಬೇಕು. ನೀರು ಕುಡಿ ಪುಟ್ಟಿ," ಎಂದ.

ಬೆಳಗಾದಾಗ ಅವಳ ದಿಂಬಿನ ತುಂಬ ಇರುವೆ. ಸಾಲುಗಟ್ಟಿ ಗಲ್ಲ ಹತ್ತಿ, ತುಟಿಯ ಮೂಲೆಯಲ್ಲಿ ಒಳಗೆ ಇಳಿಯುತ್ತಿದ್ದವು. ಹೆಂಡತಿ ಕಿರುಚಿದಳು. ಪುಟ್ಟಿ ಕಣ್ಣು ಬಿಟ್ಟು ಗಂಟಲನ್ನು ತೋರಿಸಿದಳು, ಮಾತು ಬರಲಿಲ್ಲ. ಸಾಹೇಬ ಅವಳ ಬಾಯಿ ಅಗಲಿಸಿ ನೋಡಿದ. ನಾಲಿಗೆಯ ಹಿಂದೆ, ಕಿರುನಾಲಿಗೆಯ ಪಕ್ಕದಲ್ಲಿ, ಒಂದು ಎಳೆ ಅಲ್ಲಾಡುತ್ತಿತ್ತು.

ಅನ್ನದಲ್ಲಿ ಒಂದೆಳೆ ಕಂಡರೆ ಏಳುತ್ತಿದ್ದವನು ಬೆರಳು ಹಾಕಿದ. ಹಿಡಿದ. ಎಳೆದ. ಎಳೆದಷ್ಟೂ ಬಂತು. ಅಂಟಂಟಾಗಿ, ಬೆಚ್ಚಗೆ, ಹುಳಿಬಂದ ಕಬ್ಬಿನ ಹಾಲಿನ ನಾತದೊಂದಿಗೆ ಬಂತು. ಒಂದರ ಹಿಂದೆ ಇನ್ನೊಂದು ಹೆಣೆದುಕೊಂಡು ಬಂತು. ಅವನ ಮುಂಗೈಗೆಲ್ಲ ಸುತ್ತಿಕೊಂಡಿತು. ಅವನು ಅಲ್ಲೇ ವಾಂತಿ ಮಾಡಿಕೊಂಡ, ಆದರೂ ಕೈ ಬಿಡಲಿಲ್ಲ.

ಮಕ್ಕಳು ಕೂದಲು ನುಂಗುವುದುಂಟು ಎಂದರು ವೈದ್ಯರು. ಪುಟ್ಟಿಯ ತಲೆಯಲ್ಲಿದ್ದದ್ದು ಬೆರಳಿಗೆ ಸಿಗದಷ್ಟು ಮೋಟುಗೂದಲು. ಬಂದದ್ದು ಮೊಳದುದ್ದ. ಅಲ್ಲಲ್ಲಿ ನರೆತಿತ್ತು.

ಸಾಹೇಬ ಜೀಪಿನಲ್ಲಿ ಆ ದೂರದ ಊರಿಗೆ ಹೋಗಿ ದೊಡ್ಡಮ್ಮನ ಕಾಲು ಹಿಡಿದ. ಅವಳು ಬೈಯಲಿಲ್ಲ. ಬಂದು ಹೊಲದ ಮುಂದೆ ನಿಂತು, "ಅಗೀರಿ," ಎಂದಳು, ಅಷ್ಟೇ.

ಅವನೂ ದೊಡ್ಡಮ್ಮನ ಮಗನೂ ಮಧ್ಯಾಹ್ನದ ಉರಿಬಿಸಿಲಲ್ಲಿ ನಿಂತ ಕಬ್ಬು ಕಡಿದು, ಬುಡ ಅಗೆದರು. ಒಂದೊಂದು ಬುಡ ಮೇಲೆ ಬರುವಾಗಲೂ ತಲೆಯಿಂದ ಕೂದಲು ಕಿತ್ತ ಸದ್ದು. ಬೇರಿಗೆ ಅಂಟಿಕೊಂಡು ಬಂದದ್ದು ಮಣ್ಣಲ್ಲ. ಬೆಳ್ಳಗೆ, ಮೆತ್ತಗೆ, ಹೊಟ್ಟು ಏಳುತ್ತಿದ್ದ ಚರ್ಮ. ಮಗ ಗುದ್ದಲಿ ಎಸೆದು ಓಡಿಹೋದ. ಸಾಹೇಬ ಕಬ್ಬು, ಬುಡ ಎಲ್ಲವನ್ನೂ ಬರಿಗೈಯಲ್ಲಿ ತಬ್ಬಿ ತಂದು ಗುಡ್ಡೆ ಹಾಕಿದ. ಎಂದೂ ತರಗಿಗೆ ಕಡ್ಡಿ ಗೀರದವನು ಬೆಂಕಿ ಇಟ್ಟ. ಸುಟ್ಟ ಕೂದಲ ಹೊಗೆ ಗಂಟಲಿಗೆ ಮೆತ್ತಿಕೊಂಡಿತು. ಉಗುಳಿದರೂ ಹೋಗಲಿಲ್ಲ.

ಹೆಂಡತಿಯ ಫೋನು ಬಂತು. "ಕೆಮ್ಮು ನಿಂತಿದೆ ರೀ! ಪುಟ್ಟಿ ಉಸಿರಾಡ್ತಿದ್ದಾಳೆ. ನೀರು ಕೇಳಿದ್ಲು."

ಅವನು ಬದುವಿನ ಮೇಲೆ ಕುಸಿದು ಗೋಳೋ ಎಂದು ಅತ್ತ. ದೊಡ್ಡಮ್ಮ ಕೋಲಿನಿಂದ ಬೂದಿ ಕೆದಕುತ್ತ ಹೇಳಿದಳು:

"ಇದರ ಒಂದು ತುಂಡೂ ಎಲ್ಲೂ ಉಳೀಬಾರ್ದು. ಉಳಿದ್ರೆ ಮಗು ಹೊಟ್ಟೇಲಿ ಮತ್ತೆ ಚಿಗುರುತ್ತೆ. ಬೀಜಕ್ಕೆ ಯಾರಿಗೂ ಕೊಟ್ಟಿಲ್ಲ ತಾನೆ?"

ಸಾಹೇಬ ತಲೆಯೆತ್ತಿದ. ಬಲಕ್ಕೆ ಕಬ್ಬು. ಎಡಕ್ಕೆ ಕಬ್ಬು. ಕಣ್ಣು ಹಾಯುವವರೆಗೂ ತೋಳುಗಾತ್ರದ, ಎಣ್ಣೆ ಹೊಳಪಿನ ಕಬ್ಬು. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಅವನು ಎತ್ತಲಿಲ್ಲ. ಎತ್ತುವ ಧೈರ್ಯ ಬರಲಿಲ್ಲ.

ಓಡಿದ. ಪಕ್ಕದ ಹೊಲ ಮೀಸೆಯಣ್ಣನದು, ಎಲ್ಲರಿಗಿಂತ ಮೊದಲು ಬೀಜ ಒಯ್ದವನು. ಅಲ್ಲಿ ಕಟಾವು ಶುರುವಾಗಿತ್ತು. ಮೀಸೆಯಣ್ಣ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಬ್ಬು ಸಿಗಿದು ಕೊಡುತ್ತಿದ್ದ.

"ಅಣ್ಣಾ, ಕೊಡ್ಬೇಡ! ಬುಡ ಅಗೆದು ಸುಡು! ಈಗಲೇ ಸುಡು! ಮಾಟ ಇದೆ ಇದರಲ್ಲಿ. ನನ್ನ ಮಗಳು ಸಾಯ್ತಿದ್ದಾಳೆ!"

ಮಸಿ ಮೆತ್ತಿದ ಮುಖ, ಕೂದಲು ಸುತ್ತಿದ ಕೈ. ಮೀಸೆಯಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. ಕಡಿಯುವವರೂ ಮಚ್ಚು ನಿಲ್ಲಿಸಿ ನೋಡಿದರು. ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು, ಮೀಸೆಯಣ್ಣನೂ.

"ಏನ್ ಸಾಹೇಬ್ರೇ, ಬುಡ ಬಿಡಿ ಅಂದೋರು ನೀವೇ, ಬೆಂಕಿ ಇಡ್ಬೇಡಿ ಅಂದೋರೂ ನೀವೇ. ಇಷ್ಟು ಓದಿ, ಈ ಕಾಲದಲ್ಲೂ ಇದನ್ನೆಲ್ಲ ನಂಬ್ತೀರಾ?"

ಅವನ ತೊಡೆಯ ಮೇಲಿದ್ದ ಮಗು ಕೆಮ್ಮಿತು. ಮತ್ತೆ ಕೆಮ್ಮಿತು. ಪುಟ್ಟ ಬೆರಳಿಂದ ಗಂಟಲು ತೋರಿಸಿತು.

"ಏನಿಲ್ಲ ಕಂದ," ಎಂದ ಮೀಸೆಯಣ್ಣ, ಅವಳ ಬೆನ್ನು ಸವರುತ್ತ. "ನಾರು ಸಿಕ್ಕಿರ್ಬೇಕು."