ನಾನು ಬರೆದ ಪಥ್ಯ

ಚಿಕ್ಕಬೈರಪ್ಪನವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಅವರನ್ನು ಗೇಟಿನಲ್ಲೇ ಬೈದುಬಿಟ್ಟೆ. ಹೆಗಲ ಮೇಲೆ ಸರ್ವೆ ಸರಪಳಿ ಹಾಕಿಕೊಂಡು ನಿಂತಿದ್ದರು. ಆಗ ಸಾವಿರದ ಒಂಬೈನೂರ ಐವತ್ತೊಂಬತ್ತು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಮೂಲೆಗೆ ನೆಟ್ಟ ಕಲ್ಲುಗಳೇ ಜಾಸ್ತಿ, ಅಳೆಯುವವರ ಕಾಟ ದಿನಾ ಇದ್ದದ್ದೇ.

"ಇಲ್ಲಿ ಅಳೆಯೋಕೆ ಏನೂ ಉಳಿದಿಲ್ಲ. ಮುಂದಿನ ಕ್ರಾಸಿಗೆ ಹೋಗಿ."

"ಅಳೆಯೋಕಲ್ಲ ಅಮ್ಮಾವ್ರೆ, ಎದೆಯುರಿ. ಪಂಡಿತರಿಗೆ ನಾಡಿ ತೋರಿಸ್ಬೇಕಿತ್ತು."

ತುಟಿಯಲ್ಲಿ ನಗು ತಡೆದುಕೊಂಡಿದ್ದರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು.

ನನ್ನ ಅಪ್ಪ ಪಂಡಿತ ಏಕಾಂತಯ್ಯ, ಕಣ್ಣಿಗೆ ಪೊರೆ ಬಂದ ಮೇಲೆ ಬರೆಯುವುದನ್ನು ಬಿಟ್ಟಿದ್ದರು. ನಾಡಿ ಅವರು ಹಿಡಿಯುತ್ತಿದ್ದರು, ಪಥ್ಯದ ಚೀಟಿ ನಾನು ಬರೆಯುತ್ತಿದ್ದೆ. ನಾಡಿ ಹಾವಿನಂತೆ ಹರಿದರೆ ವಾತದ ದೇಹ, ಕಪ್ಪೆಯಂತೆ ನೆಗೆದರೆ ಪಿತ್ತ, ಹಂಸದಂತೆ ಸಾವಕಾಶ ನಡೆದರೆ ಕಫ. ದೇಹಕ್ಕೆ ತಕ್ಕ ಊಟ ಸಿಕ್ಕರೆ ಔಷಧಿಯೇ ಬೇಡ ಎನ್ನುವುದು ಅಪ್ಪನ ನಂಬಿಕೆ.

ನಾನು ಪೆನ್ಸಿಲ್ ಹಿಡಿದು ಎದುರಿಗೆ ಕೂತೆ. ಅವರು ಅಪ್ಪನಿಗೆ ಕೈ ಕೊಟ್ಟು ನನ್ನನ್ನು ನೋಡಿದರು. ನಾನು ಚೀಟಿ ನೋಡಿದೆ, ಮತ್ತೆ ಅವರನ್ನು ನೋಡಿದೆ, ಇನ್ನೂ ನೋಡುತ್ತಲೇ ಇದ್ದರು.

"ಕಪ್ಪೆ," ಅಂದರು ಅಪ್ಪ. "ಪಿತ್ತ ಕೆರಳಿದೆ. ಬರಿ."

ಖಾರ ಬೇಡ, ಹುಳಿ ಬೇಡ, ಎಳ್ಳೆಣ್ಣೆ ಬೇಡ, ಬಿಸಿ ಬಿಸಿ ಉಣ್ಣುವುದು ಬೇಡ. ಬಾರ್ಲಿ ಗಂಜಿ, ಬೂದುಗುಂಬಳ, ಸೌತೆಕಾಯಿ, ಹಾಗಲಕಾಯಿ. ಬೆಳಿಗ್ಗೆ ಶೀತಲಿ ಪ್ರಾಣಾಯಾಮ, ಅಂದರೆ ನಾಲಗೆಯನ್ನು ಕೊಳವೆಯಂತೆ ಸುತ್ತಿ ತಣ್ಣನೆ ಗಾಳಿ ಎಳೆದುಕೊಳ್ಳಬೇಕು. ಅಪ್ಪ ಅಲ್ಲೇ ಮಾಡಿಸಿದರು. ನಾಲಗೆ ಹೊರಗಿಟ್ಟುಕೊಂಡೇ ಆ ಮನುಷ್ಯ ಕಣ್ಣಲ್ಲಿ ನಕ್ಕರು. ನನ್ನ ಪೆನ್ಸಿಲ್ ಎಲ್ಲೋ ಹೋಯಿತು.

ಮುಂದಿನ ಸೋಮವಾರ ಗೇಟಿನಲ್ಲಿ ಮೆಲ್ಲಗೆ ಹೇಳಿದರು. "ಹಾಗಲಕಾಯಿ ಅಂತ ಎರಡು ಸಲ ಬರ್ದಿದ್ರಿ. ದಿನಕ್ಕೆ ಎರಡು ಸಲ ತಿಂದೆ."

"ಅಯ್ಯೋ, ಅದು ಕೈತಪ್ಪು ಕಣ್ರೀ!"

"ನಿಮ್ಮ ಕೈಯಲ್ಲಿ ಬರ್ದಿದ್ದು ಏನಿದ್ರೂ ನಾನು ತಪ್ಪಿಸಲ್ಲ."

ಆ ಮಾತನ್ನು ನಾನು ಇಡೀ ವಾರ ಒಲೆಯ ಮುಂದೆ, ಬಾವಿಯ ಹತ್ತಿರ, ಪೂಜೆಯ ಹೊತ್ತಿನಲ್ಲೂ ಕೇಳಿಸಿಕೊಂಡೆ. ಇಪ್ಪತ್ತಮೂರು ವರ್ಷದ ಹುಡುಗಿಗೆ ಅಷ್ಟು ಸಾಕಿತ್ತು.

ಹಾಗೆ ಐದು ತಿಂಗಳು ಸೋಮವಾರ ತಪ್ಪಲಿಲ್ಲ. ಅಪ್ಪ ಪ್ರತಿ ಸಲವೂ "ಕಪ್ಪೆ" ಅನ್ನುತ್ತಿದ್ದರು, ಪಥ್ಯವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು. ಬೈರಪ್ಪನವರ ಅಂಗಿ ಭುಜದಿಂದ ಜಾರತೊಡಗಿತು. ತುಟಿ ಒಡೆಯಿತು, ಹಿಮ್ಮಡಿ ಬಿರಿಯಿತು, ಏಳುವಾಗ ಮಂಡಿ ಲಟಕ್ ಅನ್ನುತ್ತಿತ್ತು. ಚೀಟಿ ಕೊಡುವಾಗ ತಾಗಿದ ಬೆರಳು ತಣ್ಣಗಿರುತ್ತಿತ್ತು.

"ನಿದ್ದೆ ಬರುತ್ತಾ?" ಅಂತ ಕೇಳಿದರೆ, "ನಿದ್ದೆ ಮಾಡಿದ್ರೆ ನೆನೆಸ್ಕೊಳೋದು ಯಾವಾಗ?" ಅನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಪಾಪಿ ನಾನು, ನಕ್ಕೆ.

ಒಂದು ಶುಕ್ರವಾರ ಮಧ್ಯಾಹ್ನ ಅವರ ತಾಯಿ ಲಕ್ಷ್ಮಮ್ಮ ಉತ್ತರಹಳ್ಳಿಯಿಂದ ನಡೆದೇ ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು.

"ಚೀಟಿ ಬರೆಯೋದು ನೀನೇನಾ ತಾಯಿ? ಬಿಸಿ ಮುದ್ದೆ, ಹುಚ್ಚೆಳ್ಳು ಚಟ್ನಿ ಮುಂದಿಟ್ರೆ 'ಚೀಟೀಲಿ ಇಲ್ಲಮ್ಮ' ಅಂತಾನೆ. ಮೊನ್ನೆ ಸರಪಳಿ ಹಿಡ್ಕೊಂಡೇ ಬಿದ್ದೋದ. ನಾಲ್ಕು ಜನ ಎತ್ಕೊಂಡ್ ಬಂದ್ರು. ನನಗಿರೋದು ಅವನೊಬ್ಬ. ಅವನ ಬಾಯಿಗೆ ಒಂದು ಬಿಸಿ ತುತ್ತು ಬರೆದುಕೊಡು ತಾಯಿ, ನಿನ್ ಕಾಲ್ ಹಿಡೀತೀನಿ."

ನಿಜವಾಗಿಯೂ ಕಾಲು ಹಿಡಿಯಲು ಬಗ್ಗಿದರು. ನಾನು ಅವರ ಕೈ ಹಿಡಿದು ಅಳುತ್ತಾ ನಿಂತೆ.

ಎಂಟು ವರ್ಷ ಚೀಟಿ ಬರೆದವಳು ನಾನು. ಒಡೆದ ತುಟಿ, ತಣ್ಣನೆ ಕೈ, ನಿದ್ದೆ ಇಲ್ಲದಿರುವುದು, ಇದೆಲ್ಲ ವಾತ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎದೆಯುರಿ ಬರೀ ಕ್ಯಾಂಟೀನಿನ ಬೋಂಡದ್ದು, ಮೊದಲ ವಾರವೇ ಹೋಗಿರಬೇಕು. ಎಣ್ಣೆ, ತುಪ್ಪ, ಬಿಸಿ ಊಟ ಬೇಕಾದ ಒಣ ದೇಹಕ್ಕೆ ನಾನು ತಣ್ಣನೆ ಗಂಜಿ ಬರೆಯುತ್ತಿದ್ದೆ. ಅಪ್ಪನ ಬೆರಳೂ ಸುಳ್ಳು ಹೇಳಿರಲಿಲ್ಲ. ಆ ನಾಡಿ ನೆಗೆಯುತ್ತಿದ್ದದ್ದು ನಿಜ. ಓಡಿ ಬಂದವರನ್ನು ಸ್ವಲ್ಪ ಕೂರಿಸಿ ಆಮೇಲೆ ನಾಡಿ ಹಿಡಿಯುವ ಅಪ್ಪನಿಗೆ, ಎದುರಿಗೆ ಪೆನ್ಸಿಲ್ ಹಿಡಿದು ಕೂತ ಮಗಳು ಕಂಡಿರಲಿಲ್ಲ.

ಅಪ್ಪನಿಗೆ ಇದನ್ನು ಹೇಳಿದರೆ ನಮ್ಮ ಮನೆಯ ಬಾಗಿಲು ಅವರಿಗೆ ಮುಚ್ಚಿದ ಹಾಗೇ. ನಮ್ಮದು ಲಿಂಗಪೂಜೆಯ ಮನೆ, ಅವರದು ಒಕ್ಕಲು ಮನೆ. ಹೇಳದಿದ್ದರೆ ಅವರೇ ಉಳಿಯುವುದಿಲ್ಲ. ಎರಡು ದಿನ ನನಗೂ ಅನ್ನ ಇಳಿಯಲಿಲ್ಲ. ಶಿವನೇ, ಅವರನ್ನು ಉಳಿಸು, ನನಗೆ ಸಿಗದಿದ್ದರೂ ಪರವಾಗಿಲ್ಲ ಅಂತ ಬೇಡಿಕೊಂಡೆ. ಆಮೇಲೆ, ಸಿಗದಿದ್ದರೆ ಹೇಗೆ ಬದುಕಲಿ ಅಂತ ಅತ್ತೆ.

ಸೋಮವಾರ ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಅಪ್ಪ ನಾಡಿ ಹಿಡಿದರು.

"ಇನ್ನೂ ನೆಗೀತಿದೆ. ಇಷ್ಟಕ್ಕೂ ಜಗ್ಗದಿದ್ರೆ ಏಳು ದಿನ ಉಪವಾಸ. ಬರೀ ಎಳನೀರು. ಬರಿ ಉಮಾ."

ಬೈರಪ್ಪನವರು ತಲೆಯಾಡಿಸಿದರು. ನಾನು ಬರೆದರೆ ಅದನ್ನೂ ಮಾಡುತ್ತಿದ್ದರು.

ಪೆನ್ಸಿಲ್ ಕೆಳಗಿಟ್ಟೆ. "ಅಪ್ಪ, ಕೈ ಬಿಡಬೇಡಿ. ಹಾಗೇ ಹಿಡ್ಕೊಂಡಿರಿ. ನಾನು ಬರ್ತೀನಿ."

ಬಳೆಯ ಸದ್ದೂ ಕೇಳಿಸದಷ್ಟು ದೂರ, ಮೂಲೆಯ ಕಲ್ಲಿನವರೆಗೆ ಹೋದೆ. ಬಿಸಿಲಲ್ಲಿ ನಿಂತೆ. ಈಗ ತಿರುಗಿ ಹೋದರೆ ಎಲ್ಲ ಮುಗಿಯಿತು ಅಂತ ಗೊತ್ತಿತ್ತು. ಕಾಲು ಬರಲಿಲ್ಲ. ಲಕ್ಷ್ಮಮ್ಮನ ಬಗ್ಗಿದ ಬೆನ್ನು ನೆನಪಾಯಿತು, ತಿರುಗಿದೆ.

ಬಾಗಿಲಿಗೆ ಬಂದಾಗ ಅಪ್ಪನ ಮುಖ ಕಳೆಗುಂದಿತ್ತು. "ಹಾವು," ಎಂದರು. "ನೂಲಿನಷ್ಟು ಸಣ್ಣಗೆ ಹರೀತಿದೆ. ಇದು ವಾತ. ಐದು ತಿಂಗಳು ನಾನು ಏನು ನೋಡ್ದೆ?"

ನಾನು ಒಳಗೆ ಕಾಲಿಟ್ಟೆ. ಅಪ್ಪನ ಬೆರಳು ಆ ಮಣಿಕಟ್ಟಿನ ಮೇಲೆಯೇ ಇತ್ತು. ನಾನು ಒಂದೊಂದು ಹೆಜ್ಜೆ ಹತ್ತಿರ ಬಂದ ಹಾಗೆ ಹಾವು ಮತ್ತೆ ಕಪ್ಪೆಯಾಗಿರಬೇಕು, ಅಪ್ಪನ ಹುಬ್ಬು ಮೇಲೇರಿತು. ಅವರಿಗೆ ನಾನು ಹೇಳಬೇಕಾದ್ದೇನೂ ಉಳಿಯಲಿಲ್ಲ.



"ಬರ್ಕೋ," ಅಂದರು ಅಪ್ಪ. "ಬಿಸಿ ಅನ್ನ, ತುಪ್ಪ. ಹೆಸರುಬೇಳೆ ಕಟ್ಟು, ಇಂಗು, ಶುಂಠಿ. ಎಳ್ಳೆಣ್ಣೆ ಅಭ್ಯಂಜನ. ಶೀತಲಿ ಬಿಡಬೇಕು." ಬರೆದೆ. "ಇನ್ನೊಂದು. ಈ ಮನೆಗೆ ಬರೋದು ಅಪಥ್ಯ. ಬರಿ."

ನನ್ನ ಕೈ ನಿಂತಿತು.

"ಇಲ್ಲ ಅಪ್ಪ. ಅದನ್ನ ಬೇಕಾದ್ರೆ ನೀವೇ ಬರೀರಿ. ನಾನು ಬರೆದ್ರೆ ಅವರು ಪಾಲಿಸ್ತಾರೆ. ನಾನು ಬರೆದೆ ಅಂತಲೇ ಹಸಿದು ಸಾಯೋ ಹಾಗಾಗಿದ್ದಾರೆ. ಇನ್ನೊಂದು ಸಾವು ನನ್ನ ಕೈಯಲ್ಲಿ ಬರೆಸಬೇಡಿ."

ಚೀಟಿ, ಪೆನ್ಸಿಲ್ ಎರಡನ್ನೂ ಅಪ್ಪನ ತೊಡೆಯ ಮೇಲಿಟ್ಟೆ. ಅವರು ಇನ್ನೊಂದು ಕೈಯಿಂದ ಪೆನ್ಸಿಲ್ ತಡವಿ ತೆಗೆದುಕೊಂಡರು. ಚೀಟಿ ಎತ್ತಿ ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಸುಮ್ಮನೆ ಕೆಳಗಿಟ್ಟರು.

"ಬೈರಪ್ಪ, ಮೈ ಕರಗ್ತಿದೆ ಅಂತ ಒಂದು ಸಲಾನಾದ್ರೂ ಯಾಕೋ ಹೇಳ್ಲಿಲ್ಲ?"

"ಎದೆಯುರಿ ಮೊದಲನೇ ವಾರಕ್ಕೇ ಹೋಗಿತ್ತು ಪಂಡಿತ್ರೆ. ಬಾಯಿ ಬಿಟ್ರೆ ಬೇರೆ ಡಾಕ್ಟ್ರ ಹತ್ರ ಕಳಿಸ್ತೀರಿ ಅಂತ ಭಯ. ಇವ್ರನ್ನ ನೋಡೋಕೆ ನನಗೆ ಬೇರೆ ನೆಪ ಇರ್ಲಿಲ್ಲ."

ಅಷ್ಟು ನೇರವಾಗಿ, ಅಪ್ಪನ ಎದುರಿಗೇ ಹೇಳಿಬಿಟ್ಟರು. ಹೇಳಿ, ನನ್ನನ್ನು ನೋಡಿದರು. ಮೊದಲ ದಿನದ ನೋಟವೇ. ನಾನು ಈ ಸಲ ತಲೆ ತಗ್ಗಿಸಲಿಲ್ಲ.

ಅಪ್ಪ ಅವರ ಕೈ ಬಿಟ್ಟರು. "ಎದ್ದು ಊಟಕ್ಕೆ ಒಳಗೆ ಹೋಗು. ಇನ್ನೊಂದು ಹೊತ್ತು ಖಾಲಿ ಹೊಟ್ಟೇಲಿದ್ರೆ ಆ ನಾಡಿ ಹಾವೂ ಆಗಲ್ಲ, ಕಪ್ಪೇನೂ ಆಗಲ್ಲ."

ಅಡಿಗೆಮನೆಯಲ್ಲಿ ಮಣೆ ಹಾಕಿದೆ. ಎಲೆ ಇಟ್ಟೆ. ಅನ್ನದ ಹಬೆ ಮುಖಕ್ಕೆ ಬಂದಾಗ ಅವರ ಕಣ್ಣಲ್ಲಿ ನೀರು ಬಂತು.

"ಇದು ಚೀಟೀಲಿದೆಯಾ?" ಅಂದರು.

"ಇದೆ. ತಿನ್ನಿ. ನನಗೋಸ್ಕರ ತಿನ್ನಿ."

ಮೊದಲ ತುತ್ತು ಕಲಸಿದರು. ನಾನು ತುಪ್ಪದ ಮಿಳ್ಳೆ ಹಿಡಿದು ಹೆದರುತ್ತಾ ನಿಂತಿದ್ದೆ, ಇದೇ ಮೊದಲ ಊಟವೋ ಇದೇ ಕೊನೆಯದೋ ಅಂತ. ಆಗ ನಡುಮನೆಯಿಂದ ಅಪ್ಪನ ದನಿ ಬಂತು.

"ಉಮಾ, ತುಪ್ಪಕ್ಕೆ ಕೈ ಬಿಗಿ ಹಿಡೀಬೇಡ. ನಾಳೆಗೂ ಕಾಯಿಸಿಡು."