ಬೀಳಲು ಕಲಿತ ಅಂಗಿ

ನೇತ್ರಾಣಿ ದ್ವೀಪದ ಮಗ್ಗುಲಲ್ಲಿ, ಬಂಡೆಗಳ ಬುಡದ ನೀರಿನಾಳದಲ್ಲಿ, ಇಬ್ಬರು ಕೆಲಸಗಾರರು ಕಬ್ಬಿಣದ ಚೌಕಟ್ಟೊಂದರ ಆಚೆ ಈಚೆ ಬೋರಲಾಗಿ ತೇಲುತ್ತಿದ್ದರು. ಕಾಲು ಬಡಿಯುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ, ಆದರೂ ಇದ್ದಲ್ಲಿಂದ ಒಂದು ಬೆರಳಿನಷ್ಟೂ ಏರದೆ ಇಳಿಯದೆ ನಿಂತಿದ್ದರು. ಹವಳದ ಪುಟ್ಟ ತುಂಡುಗಳನ್ನು ಚಿಮುಟದಲ್ಲಿ ಹಿಡಿದು, ಅಂಟು ಹಚ್ಚಿ, ಚೌಕಟ್ಟಿನ ಮೇಲೆ ನೆಡುವುದು ಅವರ ಕೆಲಸ. ಸಮುದ್ರ ಬಿಸಿಯೇರಿ ಹವಳವೆಲ್ಲ ಬಿಳಿಚಿಕೊಂಡ ಮೇಲೆ ಮುರ್ಡೇಶ್ವರದ ಮೀನುಗಾರರ ಮಕ್ಕಳಿಗೆ ಸಿಕ್ಕಿದ ಹೊಸ ಕಸುಬು ಇದು.

ಅವರನ್ನು ಹಾಗೆ ನಿಲ್ಲಿಸಿದ್ದು ಬೆನ್ನ ಮೇಲಿನ ಅಂಗಿ. ಹಳೆಯ ಅಂಗಿಗಳಲ್ಲಿ ಬೆನ್ನಿಗೆ ಒಂದೇ ಗಾಳಿಚೀಲ ಇರುತ್ತಿತ್ತು. ತುಂಬಿದರೆ ಮೇಲೆ, ಬಿಟ್ಟರೆ ಕೆಳಗೆ. ಸಾಲದ್ದಕ್ಕೆ ಮನುಷ್ಯನ ಶ್ವಾಸಕೋಶವೂ ಒಂದು ಗಾಳಿಚೀಲವೇ. ಉಸಿರೆಳೆದರೆ ಮೈ ಅಷ್ಟು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇವೆರಡನ್ನೂ ಸರಿದೂಗಿಸಿ ಮಟ್ಟಸವಾಗಿ ನಿಲ್ಲುವುದಕ್ಕೆ ಹೊಸಬರು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು. ಡಾ. ವಿಶಾಖಾ ಐತಾಳ ಆ ಒಂದು ಚೀಲದ ಬದಲು ಭುಜದಿಂದ ಸೊಂಟದವರೆಗೆ ನೂರಾರು ಪುಟ್ಟ ಚೀಲಗಳನ್ನು ಹೊಲಿಸಿದರು. ಎದೆ ಎಷ್ಟು ಉಬ್ಬಿತೋ ಅಷ್ಟೇ ಆ ಚೀಲಗಳು ಕುಗ್ಗುತ್ತಿದ್ದವು, ಎದೆ ಇಳಿದರೆ ಉಬ್ಬುತ್ತಿದ್ದವು. ಬಿಟ್ಟ ಉಸಿರಿನ ಗುಳ್ಳೆಗಳು ಹವಳಕ್ಕೆ ಬಡಿಯಬಾರದೆಂದು ಅಂಗಿ ಅವನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೋಸಿ ಬೆನ್ನ ಹಿಂದಿನಿಂದ ಬಿಡುತ್ತಿತ್ತು. ಕೆಲಸಗಾರರು ಅದಕ್ಕೆ ತಕ್ಕಡಿ ಎಂದು ಹೆಸರಿಟ್ಟಿದ್ದರು.

ಚೌಕಟ್ಟಿನ ಈಚೆ ಇದ್ದವಳು ಭೂಮಿಕಾ ಮೊಗೇರ. ಆಚೆ ಇದ್ದವನು ಅವಳ ಜೋಡಿ ಆಲ್ವಿನ್ ಲೋಪಿಸ್. ಜೋಡಿ ಎಂದರೆ ನೀರಿನೊಳಗಿನ ಜೋಡಿ ಅಷ್ಟೇ. ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು, ಒಬ್ಬರೇ ಇಳಿಯಬಾರದು ಎಂಬುದು ಮುಳುಗುವವರ ಹಳೆಯ ಕಟ್ಟಳೆ. ಹದಿನಾರು ವರ್ಷದಿಂದ ಅವರು ಒಟ್ಟಿಗೆ ಇಳಿಯುತ್ತಿದ್ದರು.

ಅಂದು ಒಂದು ಕಡಲಾಮೆ ಬಂತು. ಭೂಮಿಕಾ ಕೈ ತೋರಿಸಿದಳು. ಆಲ್ವಿನ್ ತಲೆ ಎತ್ತಲಿಲ್ಲ. ಕೆಲಸದಲ್ಲಿ ಮುಳುಗಿದರೆ ಅವನು ಹಾಗೆಯೇ ಎಂದು ಅವಳು ಸುಮ್ಮನಾದಳು. ಹೊಯ್ದಾಡುವ ನೀರಿನಲ್ಲಿ ಅವನ ಕೈಗಳು ಮೆಲ್ಲಗೆ ಅತ್ತಿತ್ತ ಆಡುತ್ತಿದ್ದವು. ಮೇಲೇರುವ ಹೊತ್ತಾಗಿ, ಭುಜ ಮುಟ್ಟಿ ಹೊರಡೋಣವೆಂದು ಸನ್ನೆ ಮಾಡಿದಾಗ ಗಾಜಿನ ಹಿಂದೆ ಅವನ ಕಣ್ಣು ಅರೆತೆರೆದಿತ್ತು. ಹೃದಯ ನಿಂತು ಬಹಳ ಹೊತ್ತಾಗಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಅಷ್ಟು ಹೊತ್ತೂ ತಕ್ಕಡಿ ಅವನನ್ನು ಒಂದಿಷ್ಟೂ ವಾಲಗೊಡದೆ ಹಿಡಿದುಕೊಂಡಿತ್ತು.

ವಿಚಾರಣೆಗೆ ಬಂದವರು ಅಂಗಿಯಲ್ಲಿ ದೋಷವಿಲ್ಲ ಎಂದು ಕೈ ತೊಳೆದುಕೊಂಡರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉಸಿರು ನಿಂತರೆ ಕೂಗುವ ಸೈರನ್ ಒಂದು ಮೊದಮೊದಲ ತಕ್ಕಡಿಗಳಲ್ಲಿತ್ತು. ಆದರೆ ಹವಳ ನೆಡುವಾಗ ಕೈ ನಡುಗಬಾರದೆಂದು ಎಲ್ಲರೂ ಉಸಿರು ಬಿಗಿಹಿಡಿಯುವವರೇ. ಹಿಡಿದಾಗಲೆಲ್ಲ ಅದು ಕಿವಿಯ ಬಳಿ ಕಿರುಚುತ್ತಿತ್ತು. ಎಲ್ಲ ಜೋಡಿಗಳೂ ಸೇರಿ ಅದನ್ನು ತೆಗೆಸಿ ಹಾಕಿದ್ದರು.

ಶವಸಂಸ್ಕಾರದ ದಿನ ಜನರೆಲ್ಲ ಆಲ್ವಿನನ ಹೆಂಡತಿಯ ಸುತ್ತ ಇದ್ದರು. ಇರಬೇಕಾದದ್ದೇ. ಭೂಮಿಕಾಗೆ ಅಲ್ಲಿ ಹೇಳಿಕೊಳ್ಳಲು ಒಂದು ನಂಟೂ ಇರಲಿಲ್ಲ. ಇಗರ್ಜಿಯ ಗೋಡೆಗೆ ಒರಗಿ ನಿಂತು ಮನೆಗೆ ಬಂದಳು. ಮಾರನೆಯ ವಾರ ಕೆಲಸಕ್ಕೆ ಹೋದಳು. ಎಂಥ ಗಟ್ಟಿ ಹೆಂಗಸು ಎಂದು ದೋಣಿಯವರು ಮೆಚ್ಚಿಕೊಂಡರು. ಅವಳಿಗೆ ದುಃಖವೇ ಆಗುತ್ತಿರಲಿಲ್ಲ. ಊಟಕ್ಕೆ ರುಚಿ ಇರಲಿಲ್ಲ, ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಎದೆಯೊಳಗೆ ಏನೂ ಅಲುಗುತ್ತಿರಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿಸುತ್ತಿದ್ದುದು ಅದೊಂದೇ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಹೊರಟ ಮೇಲೆ ವಿಶಾಖಾ ಬಂದರು. ಜೆಟ್ಟಿಯ ಪಕ್ಕದ ಶೆಡ್ಡಿನಲ್ಲಿ, ಒಣಹಾಕಿದ ಅಂಗಿಗಳ ನಡುವೆ ಇಬ್ಬರೂ ಕೂತರು.

"ಏನು ಸೇರಿಸಲಿ ಹೇಳಿ. ದೀಪ? ಇನ್ನೊಂದು ಥರದ ಸೈರನ್? ತಿಂಗಳುಗಳಿಂದ ಅದೇ ಯೋಚನೆ ನನಗೆ," ಎಂದರು ವಿಶಾಖಾ.

"ಎಂತದೂ ಸೇರ್ಸುದು ಬ್ಯಾಡ," ಎಂದಳು ಭೂಮಿಕಾ. "ಬೀಳ್ಲಿಕ್ಕೆ ಬಿಡಿ."

"ಅಂದರೆ?"

"ಹಳೇ ಅಂಗಿ ಇದ್ದಾಗ ಅಂವ ಸುರುಸುರುಗೆ ಭಾರಿ ಹೆದರ್ತಿದ್ದ. ಹೆದ್ರಿದ ಕೂಡ್ಲೆ ಉಸ್ರು ಎಳಕಂಡು ಸುಂಯ್ ಅಂತ ಮೇಲೆ ಹೋಗುದು. ನಾ ಕಾಲು ಹಿಡ್ದು ಎಳೀತಿದ್ದೆ. ಬೈತಿದ್ದೆ. ಆದ್ರೆ ನಂಗೆ ಗೊತ್ತಾಗ್ತಿತ್ತು ಮೇಡಂ. ತಕ್ಕಡಿ ಬಂದ್ಮೇಲೆ ಅಂವ ಹೆದ್ರುದೇ ಬಿಟ್ಟ ಅಂದ್ಕಂಡಿದ್ದೆ. ಬಿಟ್ಟಿದ್ನಾ ಇಲ್ವಾ, ನಂಗೆಂತ ಗೊತ್ತು? ಅಂವ ಯಾವಾಗ್ಲೂ ಸಮಾ ಇರ್ತಿದ್ದ."

ನೀರಿನಲ್ಲಿ ಮನುಷ್ಯ ತತ್ತರಿಸುವುದನ್ನು ನಿಲ್ಲಿಸಬೇಕೆಂದು ಅರ್ಧ ಆಯುಸ್ಸು ಸವೆಸಿದವರು ವಿಶಾಖಾ. ತತ್ತರಿಸುವುದು ಪಕ್ಕದವನಿಗೆ ಕೊಡುವ ಸುದ್ದಿಯೂ ಹೌದೆಂಬುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

"ಬೀಳುವ ಅಂಗಿಯನ್ನು ಯಾರು ಕೊಳ್ಳುತ್ತಾರೆ?" ಎಂದು ಕೇಳಿದರು.

"ಅದು ನಂಗೊತ್ತಿಲ್ಲ."

ಆದರೂ ಮಾಡಿದರು. ಹೊಸ ತಕ್ಕಡಿ ಉಸಿರಿನ ಅಳತೆಯ ಜೊತೆಗೆ ಅದರ ಲಯವನ್ನೂ ಕಲಿಯುತ್ತಿತ್ತು. ಕೆಲಸಕ್ಕಾಗಿ ಬಿಗಿಹಿಡಿದ ಉಸಿರಿಗೆ ಮೊದಲೂ ಕೊನೆಯೂ ಇರುತ್ತದೆ, ಎದೆ ಅದಕ್ಕೆ ಸಿದ್ಧವಾಗಿ ಹಿಡಿಯುತ್ತದೆ. ಸಂಕಟದ ಉಸಿರು ಹಾಗಲ್ಲ. ಅದು ನಡುವಿನಲ್ಲೇ ಮುರಿಯುತ್ತದೆ. ಹಾಗೆ ಮುರಿದ ಕೂಡಲೇ ಹೊಸ ಅಂಗಿ ಒಂದು ಮಗ್ಗುಲಿನ ಚೀಲಗಳನ್ನು ಬರಿದು ಮಾಡಿ ಮನುಷ್ಯನನ್ನು ವಾಲಿಸಿಬಿಡುತ್ತಿತ್ತು.

ಪರೀಕ್ಷೆಗೆ ಭೂಮಿಕಾಳನ್ನೇ ಆರಿಸಿದರು. ಅವಳಷ್ಟು ಸ್ಥಿರವಾದ ಉಸಿರು ತಂಡದಲ್ಲಿ ಬೇರೆ ಯಾರಿಗೂ ಇರಲಿಲ್ಲ. ಜೋಡಿಯಾಗಿ ವಿಶಾಖಾ ತಾವೇ ಇಳಿದರು. ಮೊದಲು ಒಂದಿಷ್ಟು ಮಾಮೂಲಿ ಕೆಲಸ, ಆಮೇಲೆ ವಿಶಾಖಾ ಸನ್ನೆ ಮಾಡಿದಾಗ ಭೂಮಿಕಾ ಬೇಕೆಂದೇ ಉಸಿರು ಕೆಡಿಸಿಕೊಳ್ಳಬೇಕು ಎಂದು ಮಾತಾಗಿತ್ತು.

ಚೌಕಟ್ಟಿನ ಈಚೆ ಭೂಮಿಕಾ ಎಂದಿನಂತೆ ತುಂಡು ನೆಡತೊಡಗಿದಳು. ಒಂದು ಸಲ ತಲೆ ಎತ್ತಿದಳು. ಎದುರಿಗೆ, ಆಲ್ವಿನ್ ಇರುತ್ತಿದ್ದ ಜಾಗದಲ್ಲಿ, ಬೋರಲಾಗಿ ಒಂದು ಮೈ ತೇಲುತ್ತಿತ್ತು. ವಿಶಾಖಾ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೀರಿಗೆ ಅವರ ಕೈ ಮೆಲ್ಲಗೆ ಆಡುತ್ತಿತ್ತು. ಭೂಮಿಕಾ ಕಣ್ಣು ತಗ್ಗಿಸಿ ಇನ್ನೊಂದು ತುಂಡಿಗೆ ಅಂಟು ಹಚ್ಚಿದಳು.

ಅಷ್ಟರಲ್ಲಿ ಅಂಗಿ ವಾಲಿತು. ಬಲ ಭುಜ ಕುಸಿದು, ಕಾಲು ಮೇಲಾಗಿ, ಅವಳು ಮಗುಚಿಕೊಂಡಳು. ಮಂಡಿ ಚೌಕಟ್ಟಿಗೆ ಬಡಿದು ಒಂದು ಸಾಲು ಎಳೆ ಹವಳ ಮುರಿಯಿತು. ಏನಾಯಿತೆಂದು ಅವಳಿಗೆ ಅರ್ಥವಾಗುವ ಮೊದಲೇ ಎರಡು ಕೈಗಳು ಅವಳ ಭುಜದ ಪಟ್ಟಿಯನ್ನು ಭದ್ರವಾಗಿ ಹಿಡಿದಿದ್ದವು. ಮೇಲೆ ಬರುವ ತನಕ ವಿಶಾಖಾ ಆ ಹಿಡಿತ ಸಡಿಲಿಸಲಿಲ್ಲ.

ದೋಣಿಯಲ್ಲಿ ವಿಶಾಖಾ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಪೆಚ್ಚಾಗಿ ಕೂತರು. "ನಾನಿನ್ನೂ ಸನ್ನೆಯೇ ಮಾಡಿರಲಿಲ್ಲ. ಸುಮ್ಮಸುಮ್ಮನೆ ಬೀಳಿಸಿತು. ತೀರಾ ಸೂಕ್ಷ್ಮವಾಯಿತು, ಸ್ವಲ್ಪ ಮೊಂಡು ಮಾಡಬೇಕು."

"ಬ್ಯಾಡ ಮೇಡಂ," ಎಂದಳು ಭೂಮಿಕಾ. "ಅದು ಸುಮ್ನೆ ಬೀಳ್ಸಲಿಲ್ಲ."

ವಿಶಾಖಾ ಅವಳ ಮುಖ ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. ಬಿಸಿಲಿಗೆ ಸುಟ್ಟ ಚರ್ಮ, ಒಣಗುತ್ತಿದ್ದ ಉಪ್ಪು, ಗಟ್ಟಿ ಹೆಂಗಸಿನ ಮುಖ. ಆ ಮುಖವನ್ನಷ್ಟೇ ನೋಡಿದ್ದರೆ, ನೀರಿನಲ್ಲಿ ಅವಳ ಉಸಿರು ಮುರಿದದ್ದು ವಿಶಾಖಾಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಹೊಸ ಅಂಗಿ ಹೆಚ್ಚು ಕಡೆ ಹೋಗಲಿಲ್ಲ. ಹವಳ ಮುರಿಯುತ್ತದೆ, ಕೆಲಸ ನಿಲ್ಲುತ್ತದೆ ಎಂದು ಖರೀದಿದಾರರು ಮುಖ ಸಿಂಡರಿಸಿದರು. ಅಲುಗಾಡದ ಅಂಗಿಗಳೇ ಲೋಕವೆಲ್ಲ ತುಂಬಿದವು. ನೇತ್ರಾಣಿಯ ಕೆಲವು ಜೋಡಿಗಳು ಮಾತ್ರ ಬೀಳುವ ಅಂಗಿಯನ್ನು ಹಟಹಿಡಿದು ಇಟ್ಟುಕೊಂಡವು. ಅವರಲ್ಲಿ ಯಾರು ಯಾವಾಗ ವಾಲಿದರೂ ಪಕ್ಕದವರು ಚಿಮುಟ ಬಿಟ್ಟು ಹೋಗಿ ಹಿಡಿದುಕೊಳ್ಳುತ್ತಿದ್ದರು. ಮೇಲೆ ಬಂದ ಮೇಲೆ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ.

ಪರೀಕ್ಷೆಯ ಆ ದಿನ ದೋಣಿ ಜೆಟ್ಟಿಗೆ ತಾಗಿದಾಗ ಸಂಜೆಯಾಗಿತ್ತು. ಮೀನು ಕೊಳ್ಳಲು ಬಂದವರು, ಐಸು ಹೊರುವವರು, ಬಲೆ ಸರಿಮಾಡುವವರು, ಎಲ್ಲರೂ ನೆಟ್ಟಗೆ ನಡೆದಾಡುತ್ತಿದ್ದರು. ಅವರಲ್ಲಿ ಯಾರು ಹೇಗಿದ್ದಾರೆಂದು ನೋಡಿ ತಿಳಿಯುವಂತಿರಲಿಲ್ಲ. ಹಗ್ಗ ಕಟ್ಟುತ್ತಿದ್ದವನು ಎಲ್ಲರನ್ನೂ ಕೇಳುವಂತೆ ಭೂಮಿಕಾಳನ್ನೂ ಕೇಳಿದ.

"ಆರಾಮನೇ ಭೂಮಿಕಕ್ಕ?"

ಅವನು ಉತ್ತರಕ್ಕೆ ಕಾಯದೆ ಇನ್ನೊಂದು ಗೂಟದ ಕಡೆ ತಿರುಗಿಯಾಗಿತ್ತು.

"ಇಲ್ಲ," ಎಂದಳು ಭೂಮಿಕಾ.

ಅವನು ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನಿಂತ. ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.